ಗಣಕಯಂತ್ರವು ಹಿಡುವಳಿದಾರನನ್ನು ಗುರುತಿಸುವ ಬಗೆ

ಊರಿನಲ್ಲಿ ಮೂರು ತಲೆಮಾರಿನಿಂದ ಬೇಸಾಯ ಮಾಡಿಕೊಂಡು ಬಂದಿರುವ, ನೆರೆಹೊರೆಯವರೆಲ್ಲರೂ ಬಲ್ಲ ರೈತನೊಬ್ಬನು ಬೆಳೆನಷ್ಟದ ಪರಿಹಾರಕ್ಕಾಗಲಿ ಹನಿ ನೀರಾವರಿಯ ಸಹಾಯಧನಕ್ಕಾಗಲಿ ಅರ್ಜಿ ಕೊಟ್ಟು, ತಿಂಗಳುಗಟ್ಟಲೆ ಕಾದು, ಕಡೆಗೆ “ಹೆಸರು ಹೊಂದಿಕೆಯಾಗುವುದಿಲ್ಲ” ಎಂಬ ಉತ್ತರವನ್ನು ಪಡೆಯುವುದು ಈಗ ಅಪರೂಪವಾದ ಸಂಗತಿಯಲ್ಲ. ಅದೇ ಊರಿನ ಮತ್ತೊಬ್ಬನಿಗೆ ಅಪರಿಚಿತನಿಂದ ಮೊಬೈಲು ಕರೆ ಬಂದು, ಆರು ಅಂಕಿಗಳನ್ನು ಓದಿ ಹೇಳಿದ ಮಾತ್ರಕ್ಕೆ, ಅಡಿಕೆ ಮಾರಿ ಬ್ಯಾಂಕಿನಲ್ಲಿಟ್ಟ ಹಣವು ಕ್ಷಣದಲ್ಲಿ ಇಲ್ಲವಾಗುವುದೂ ಉಂಟು. ಮೊದಲನೆಯ ಸಂದರ್ಭದಲ್ಲಿ ಅರ್ಜಿದಾರನು ನಿಜವಾದ ಹಕ್ಕುದಾರನಾಗಿದ್ದರೂ ಯಂತ್ರವು ಅವನನ್ನು ಒಪ್ಪಲಿಲ್ಲ. ಎರಡನೆಯದರಲ್ಲಿ ಬಂದವನು ಕಳ್ಳನಾಗಿದ್ದರೂ ಒಪ್ಪಿತು. ನೋಡುವುದಕ್ಕೆ ಬೇರೆಬೇರೆಯಾಗಿ ತೋರುವ ಈ ಎರಡು ಅನರ್ಥಗಳೂ ಒಂದೇ ಬೇರಿನಿಂದ ಹುಟ್ಟಿದವು. ಗಣಕಯಂತ್ರಕ್ಕೆ ಮನುಷ್ಯನ ಪರಿಚಯವಿಲ್ಲ. ಅದಕ್ಕೆ ಪರಿಚಯವಿರುವುದು ತನ್ನಲ್ಲಿ ಬರೆದಿಟ್ಟ ಗುರುತು ಮಾತ್ರ. ಗ್ರಾಮದ ಮುಖ್ಯಸ್ಥರೂ ಹಿಡುವಳಿದಾರರೂ ಈ ವಿಷಯವನ್ನು ಚೆನ್ನಾಗಿ ಮನಗಂಡರೆ ತಮ್ಮ ಮನೆಗೂ ಊರಿಗೂ ಬರಬಹುದಾದ ತೊಂದರೆಗಳಲ್ಲಿ ಬಹುಪಾಲನ್ನು ತಾವೇ ನಿವಾರಿಸಿಕೊಳ್ಳಬಹುದಾದ್ದರಿಂದ, ಇಲ್ಲಿ ಅದನ್ನು ಆದಷ್ಟು ಸುಲಭವಾದ ಮಾತಿನಲ್ಲಿ ವಿವರಿಸಿದೆ.

ಹಿಂದಿನ ಕ್ರಮವೂ ಈಗಿನ ಕ್ರಮವೂ

೧೯೬೩ರ ಫೆಬ್ರವರಿಯಲ್ಲಿ ಪಟೇಲಿಕೆ ಶಾನುಭೋಗಿಕೆಗಳು ರದ್ದಾಗುವವರೆಗೆ ಜಮೀನಿನ ಲೆಕ್ಕವೆಲ್ಲವೂ ಶಾನುಭೋಗರ ದಫ್ತರದಲ್ಲಿತ್ತು. ದಫ್ತರದಲ್ಲಿ “ಸಿದ್ದಪ್ಪ” ಎಂದಿರಲಿ “ಸಿದ್ಧಪ್ಪ” ಎಂದಿರಲಿ, ಜಗಲಿಯ ಮೇಲೆ ಬಂದು ಕುಳಿತವನು ಯಾರ ಮಗ, ಯಾವ ಹೊಲದವನು, ಅಣ್ಣತಮ್ಮಂದಿರ ಪಾಲು ಎಂದು ಆಯಿತು ಎಂಬುದೆಲ್ಲವೂ ಶಾನುಭೋಗರಿಗೆ ಬಾಯಿಪಾಠವಾಗಿರುತ್ತಿತ್ತು. ಬರೆಹದಲ್ಲಿದ್ದ ಕೊರತೆಯನ್ನು ಪರಿಚಯವು ತುಂಬುತ್ತಿತ್ತು. ಆ ಕ್ರಮದಲ್ಲಿ ದೋಷಗಳು ಇರಲಿಲ್ಲವೆಂದು ಯಾರೂ ಹೇಳಲಾರರು. ಪರಿಚಯವು ದಾಕ್ಷಿಣ್ಯವಾಗುವುದಕ್ಕೂ ದಾಕ್ಷಿಣ್ಯವು ಪಕ್ಷಪಾತವಾಗುವುದಕ್ಕೂ ಹೆಚ್ಚು ದೂರವಿಲ್ಲ. ದಫ್ತರವನ್ನು ತಿದ್ದಿ ಬಡವನ ಗುಂಟೆಗಳನ್ನು ಬಲ್ಲಿದನ ಹೆಸರಿಗೆ ಸೇರಿಸಿದ ಉದಾಹರಣೆಗಳನ್ನು ಹಳಬರು ಬಲ್ಲರು.

ಅನಂತರ ಈ ಕೆಲಸವು ಗ್ರಾಮ ಲೆಕ್ಕಿಗರ ಕೈಗೆ ಬಂದಿತು. ಇಪ್ಪತ್ತನೆಯ ಶತಮಾನವು ಮುಗಿಯುವ ಹೊತ್ತಿಗೆ ಸರ್ಕಾರವು “ಭೂಮಿ” ಎಂಬ ಯೋಜನೆಯನ್ನು ಕೈಗೊಂಡು, ಸುಮಾರು ೬೭ ಲಕ್ಷ ರೈತರಿಗೆ ಸೇರಿದ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ೨೦೦೨ರ ಹೊತ್ತಿಗೆ ರಾಜ್ಯದಲ್ಲಿ ಆಗ ಇದ್ದ ೧೭೭ ತಾಲ್ಲೂಕುಗಳಲ್ಲಿಯೂ ಯಂತ್ರದಿಂದಲೇ ಪಹಣಿ ಕೊಡುವ ಏರ್ಪಾಡಾಗಿ, ಕೈಬರೆಹದ ಪಹಣಿಗೆ ಮಾನ್ಯತೆ ತಪ್ಪಿತು. ಮೊದಲಿಗೆ ಒಂದು ಪ್ರತಿಗೆ ಹದಿನೈದು ರೂಪಾಯಿ ಶುಲ್ಕವಿತ್ತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹಣ ಕೊಟ್ಟು ಅಲ್ಲಿಯೇ ಪಹಣಿ ಪಡೆಯುವುದು ಆ ಕಾಲಕ್ಕೆ ದೊಡ್ಡ ಉಪಕಾರವೇ ಸರಿ. ಆದರೆ ಒಂದು ವಿಷಯವನ್ನು ಮರೆಯತಕ್ಕದ್ದಲ್ಲ. ಕೈಬರೆಹದ ವಹಿಯಲ್ಲಿದ್ದುದನ್ನು ನೋಡಿ ಯಾರೋ ಒಬ್ಬನು ಅಕ್ಷರ ಅಕ್ಷರವಾಗಿ ಬೆರಳಚ್ಚು ಮಾಡಿಯೇ ಅದು ಯಂತ್ರಕ್ಕೆ ಏರಿದುದು. ವಹಿಯಲ್ಲಿದ್ದ ತಪ್ಪು ಹಾಗೆಯೇ ಏರಿತು. ಬೆರಳಚ್ಚಿನವನ ಅವಸರದಿಂದ ಹೊಸ ತಪ್ಪುಗಳೂ ಕೂಡಿಕೊಂಡವು. ಹಳೆಯ ಕಾಲದಲ್ಲಿ ಆ ತಪ್ಪುಗಳನ್ನು ಸಹಿಸಿಕೊಂಡು ಹೋಗುತ್ತಿದ್ದ ಪರಿಚಯವೆಂಬುದು ಮಾತ್ರ ಯಂತ್ರಕ್ಕೆ ಏರಲಿಲ್ಲ.

ಚಕ್ರವೋ ಶಂಖವೋ

ಯಂತ್ರವು ಹೆಸರನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂಬುದನ್ನು ತಿಳಿಯುವುದಕ್ಕೆ ಯಂತ್ರದ ಬಳಿಗೆ ಹೋಗಬೇಕಾದುದಿಲ್ಲ. ತಮ್ಮ ಕೈಬೆರಳುಗಳನ್ನು ನೋಡಿಕೊಂಡರೆ ಸಾಕು. ಬೆರಳ ತುದಿಯ ಗೆರೆಗಳು ಕೆಲವರಿಗೆ ಸುತ್ತಿಕೊಂಡು ಚಕ್ರದಂತಿರುತ್ತವೆ, ಕೆಲವರಿಗೆ ಒಂದು ಕಡೆಗೆ ಬಾಗಿ ಶಂಖದಂತಿರುತ್ತವೆ. ಮಕ್ಕಳ ಬೆರಳುಗಳಲ್ಲಿ ಎಷ್ಟು ಚಕ್ರ ಎಷ್ಟು ಶಂಖ ಎಂದು ಎಣಿಸಿ ಭವಿಷ್ಯ ಹೇಳುವ ಅಜ್ಜಿಯರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಭವಿಷ್ಯದ ಮಾತು ಹಾಗಿರಲಿ. ಇದೇ ಎಣಿಕೆಯಿಂದ ಕಲ್ಕತ್ತೆಯಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. ಅಲ್ಲಿ ೧೮೯೭ರಲ್ಲಿ ಬೆರಳ ಗುರುತುಗಳ ಕಚೇರಿಯೊಂದು ಸ್ಥಾಪಿತವಾಯಿತು. ಸಾವಿರಾರು ಕೈದಿಗಳ ಬೆರಳ ಗುರುತಿನ ಕಾಗದಗಳು ಸೇರಿದ ಮೇಲೆ, ಹೊಸದಾಗಿ ಹಿಡಿದು ತಂದವನ ಕಾಗದವು ಹಿಂದೆಯೇ ಅಲ್ಲಿದೆಯೇ ಎಂದು ಹುಡುಕುವುದು ಹೇಗೆ? ಎಡ್ವರ್ಡ್ ಹೆನ್ರಿ ಎಂಬ ಪೋಲೀಸು ಅಧಿಕಾರಿಯ ಕೈಕೆಳಗೆ ಕೆಲಸದಲ್ಲಿದ್ದ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್ಸ್‌ಪೆಕ್ಟರುಗಳು ಇದಕ್ಕೆ ಉಪಾಯ ಕಂಡರು. ಕ್ರಮಕ್ಕೆ ಹೆಸರು ಮಾತ್ರ ಮೇಲಧಿಕಾರಿಯದೇ ನಿಂತಿತು. ಕಚೇರಿಗಳಲ್ಲಿ ಇದು ಹೊಸ ಮಾತೇನೂ ಅಲ್ಲ.

ಅವರ ಉಪಾಯವೇನೆಂದರೆ, ಪ್ರತಿಯೊಂದು ಬೆರಳಿಗೂ ಒಂದೇ ಪ್ರಶ್ನೆ: ಇದು ಚಕ್ರವೋ ಅಲ್ಲವೋ? ಒಂದು ಬೆರಳನ್ನು ನೋಡಿದರೆ ಎರಡು ಬಗೆ. ಎರಡು ಬೆರಳುಗಳನ್ನು ನೋಡಿದರೆ ಎರಡೂ ಚಕ್ರ, ಮೊದಲನೆಯದು ಮಾತ್ರ ಚಕ್ರ, ಎರಡನೆಯದು ಮಾತ್ರ ಚಕ್ರ, ಎರಡೂ ಅಲ್ಲ ಎಂದು ನಾಲ್ಕು ಬಗೆ. ಮೂರು ಬೆರಳಿಗೆ ಎಂಟು, ನಾಲ್ಕಕ್ಕೆ ಹದಿನಾರು. ಹೀಗೆ ಒಂದೊಂದು ಬೆರಳಿಗೂ ಇಮ್ಮಡಿಯಾಗುತ್ತ ಹತ್ತು ಬೆರಳಿಗೆ ೧೦೨೪ ಬಗೆಗಳಾಗುತ್ತವೆ. ಅಡ್ಡಕ್ಕೆ ೩೨, ಉದ್ದಕ್ಕೆ ೩೨ ಗೂಡುಗಳಿರುವ ಬೀರುವಿನಲ್ಲಿ ಕಾಗದಗಳನ್ನು ಅವುಗಳ ಬಗೆಗೆ ತಕ್ಕ ಗೂಡಿನಲ್ಲಿಟ್ಟರೆ, ಮುಂದೆ ಹುಡುಕುವವನು ಒಂದೇ ಗೂಡನ್ನು ನೋಡಿದರೆ ಸಾಕಾಗುತ್ತದೆ.

ಗಣಕಯಂತ್ರದ ಒಳಗೆ ಇರುವುದೂ ಇದೇ. ಅಲ್ಲಿ ಬೆರಳುಗಳ ಬದಲಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ವಿದ್ಯುತ್ತಿನ ಗುಂಡಿಗಳು ಕೋಟಿಗಟ್ಟಲೆ ಇವೆ. ಚಕ್ರವೋ ಅಲ್ಲವೋ ಎಂಬ ಬದಲಾಗಿ ಗುಂಡಿಯು ಹಾಕಿದೆಯೋ ಆರಿದೆಯೋ ಎಂಬ ಪ್ರಶ್ನೆ. ಹಾಕಿದ್ದರೆ ೧, ಆರಿದ್ದರೆ ೦. ಹನ್ನೆರಡು ಗುಂಡಿಗಳ ಒಂದು ಸಾಲಿನಿಂದ ೪೦೯೬ ಬೇರೆಬೇರೆ ಗುರುತುಗಳನ್ನು ಮಾಡಬಹುದು; ಇಪ್ಪತ್ತು ಗುಂಡಿಗಳಿಂದ ಹತ್ತು ಲಕ್ಷಕ್ಕೂ ಮಿಕ್ಕು. ಪಹಣಿ, ಬ್ಯಾಂಕಿನ ಲೆಕ್ಕ, ಮೊಬೈಲಿನಲ್ಲಿ ನೋಡುವ ಚಿತ್ರ, ಕೇಳುವ ಹಾಡು, ಇವೆಲ್ಲವೂ ಒಳಗೆ ಈ ಸೊನ್ನೆ ಒಂದುಗಳ ಸಾಲುಗಳೇ ಹೊರತು ಬೇರೆಯಲ್ಲ.

ಅಕ್ಷರಕ್ಕೆ ಅಂಕೆ

ಹಾಗಾದರೆ ಕನ್ನಡದ ಅಕ್ಷರವು ಯಂತ್ರದೊಳಗೆ ಹೋಗುವುದು ಹೇಗೆಂದರೆ, ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಅಂಕೆಯನ್ನು ಗೊತ್ತುಮಾಡಿದ್ದಾರೆ. ಪ್ರಪಂಚದ ಲಿಪಿಗಳಿಗೆಲ್ಲ ಹೀಗೆ ಅಂಕೆ ಹಚ್ಚಿರುವ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. ೧೯೯೧ರಲ್ಲಿ ಅದರ ಮೊದಲನೆಯ ಆವೃತ್ತಿಯು ಹೊರಟಾಗಲೇ ಕನ್ನಡಕ್ಕೆ ಸ್ಥಳವಿದ್ದಿತು. ಅದರಲ್ಲಿ “ಅ” ಅಕ್ಷರಕ್ಕೆ ೩೨೦೫, “ಕ” ಅಕ್ಷರಕ್ಕೆ ೩೨೨೧. ಈಗ ಮೇಲೆ ಹೇಳಿದ ಸಿದ್ದಪ್ಪ, ಸಿದ್ಧಪ್ಪ ಎಂಬ ಎರಡು ಬರೆಹಗಳನ್ನು ತೆಗೆದುಕೊಳ್ಳೋಣ. “ದ” ಅಕ್ಷರದ ಅಂಕೆ ೩೨೩೮, “ಧ” ಅಕ್ಷರದ್ದು ೩೨೩೯. ಹನ್ನೆರಡು ಗುಂಡಿಗಳ ಸಾಲಿನಲ್ಲಿ ಹನ್ನೊಂದು ಒಂದೇ ರೀತಿಯಾಗಿದ್ದು ಕೊನೆಯ ಒಂದು ಗುಂಡಿ ಮಾತ್ರ ಬೇರೆಯಾಗಿರುತ್ತದೆ. ಊರಿನವರಿಗೆ ಇಬ್ಬರೂ ಒಬ್ಬನೇ. ಯಂತ್ರಕ್ಕೆ ಇವು ಬೇರೆ ಅಂಕೆಗಳು, ಆದಕಾರಣ ಬೇರೆ ಹೆಸರುಗಳು, ಆದಕಾರಣ ಬೇರೆ ಮನುಷ್ಯರು.

ಇದಕ್ಕಿಂತ ಸೂಕ್ಷ್ಮವಾದ ತೊಡಕುಗಳೂ ಉಂಟು. ಕನ್ನಡದ ಸೊನ್ನೆ ಅಂಕೆಯೂ ಅನುಸ್ವಾರವೂ ನೋಡುವುದಕ್ಕೆ ಬಹುಮಟ್ಟಿಗೆ ಒಂದೇ. ಅನುಸ್ವಾರದ ಅಂಕೆ ೩೨೦೨, ಸೊನ್ನೆಯ ಅಂಕೆ ೩೩೦೨. “ರಂಗಪ್ಪ” ಎಂದು ಬರೆಯುವಾಗ ಬೆರಳಚ್ಚಿನವನು ಅನುಸ್ವಾರದ ಬದಲಾಗಿ ಸೊನ್ನೆಯನ್ನು ಒತ್ತಿದರೆ, ಕಾಗದದ ಮೇಲೆ ಹೆಸರು ಸರಿಯಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಅದು ರಂಗಪ್ಪನಲ್ಲ. ಹೆಸರಿನ ಹಿಂದೆ ಅಥವಾ ಮುಂದೆ ಒಂದು ಖಾಲಿ ಜಾಗ ಬಿಟ್ಟಿದ್ದರೆ ಅದಕ್ಕೂ ಒಂದು ಅಂಕೆಯಿರುವುದರಿಂದ ಅದೂ ಹೆಸರಿನ ಭಾಗವೇ ಆಗಬಹುದು. ಪಹಣಿಯನ್ನೂ ಆಧಾರ್ ಚೀಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರಶಃ ಒಂದೇ ಇದೆಯೆಂದು ರೈತನು ವಾದಿಸುತ್ತಿರುವಾಗಲೂ ಯಂತ್ರವು ಒಪ್ಪದಿರುವುದಕ್ಕೆ ಇಂತಹ ಕಾರಣಗಳುಂಟು. ಅಂತಹ ಸಮಯದಲ್ಲಿ ಗುಮಾಸ್ತನೊಡನೆ ಜಗಳವಾಡುವುದರಿಂದ ಪ್ರಯೋಜನವಿಲ್ಲ; ಹೆಸರನ್ನು ಸಂಪೂರ್ಣವಾಗಿ ಅಳಿಸಿ ಹೊಸದಾಗಿ ಬೆರಳಚ್ಚು ಮಾಡಬೇಕೆಂದು ಕೇಳತಕ್ಕದ್ದು.

ಕೆಲವು ಕಡೆ ಹೆಸರುಗಳು ಸುಮಾರಾಗಿ ಹೋಲಿದರೆ ಸಾಕೆಂದು ಯಂತ್ರಕ್ಕೆ ನಿಯಮ ಹಾಕಿಕೊಟ್ಟಿರುತ್ತಾರೆ. ಇದನ್ನು ಕಂಡು ಯಂತ್ರಕ್ಕೆ ವಿವೇಕ ಬಂದಿತೆಂದು ತಿಳಿಯಬಾರದು. ಎಷ್ಟು ಹೋಲಿದರೆ ಒಪ್ಪಬೇಕೆಂಬುದನ್ನು ಮನುಷ್ಯನೇ ಮೊದಲು ನಿರ್ಣಯಿಸಿ ಬರೆದಿಟ್ಟಿದ್ದಾನೆ; ಆ ಗೆರೆಯ ಈಚೆಗಿದ್ದರೆ ಒಪ್ಪಿಗೆ, ಆಚೆಗಿದ್ದರೆ ಇಲ್ಲ.

ಮೂರು ಕಡೆಯ ಬರೆಹ

ಹಿಡುವಳಿದಾರನ ಹೆಸರು ಈಗ ಮುಖ್ಯವಾಗಿ ಮೂರು ಕಡೆ ಇರುತ್ತದೆ: ಕಂದಾಯ ಇಲಾಖೆಯ ಪಹಣಿ, ಆಧಾರ್, ಬ್ಯಾಂಕಿನ ಖಾತೆ. ರೈತ ಸಂಪರ್ಕ ಕೇಂದ್ರದಲ್ಲಿ “ಫ್ರೂಟ್ಸ್” ನೋಂದಣಿ ಮಾಡಿಸಿ ಎಫ್.ಐ.ಡಿ. ಸಂಖ್ಯೆಯನ್ನು ಪಡೆಯುವುದೆಂದರೆ, ಈ ಮೂರು ಕಡೆಯ ಬರೆಹಗಳು ಒಬ್ಬ ಮನುಷ್ಯನವೇ ಎಂದು ಒಂದು ದಾರದಲ್ಲಿ ಕಟ್ಟಿದ ಹಾಗೆ. ಒಮ್ಮೆ ಸರಿಯಾಗಿ ಕಟ್ಟಿದರೆ ಬೀಜ, ಗೊಬ್ಬರ, ಪರಿಹಾರ, ಸಾಲ ಇವುಗಳಿಗೆ ಪ್ರತಿಸಲವೂ ಕಾಗದದ ಕಂತೆ ಹೊರಬೇಕಾದುದಿಲ್ಲ. ಕಟ್ಟುವಾಗಲೇ ಒಂದು ಕಡೆಯ ಹೆಸರು ಬೇರೆಯಾಗಿದ್ದರೆ ದಾರವು ಕೂಡುವುದಿಲ್ಲ.

ಹೆಸರು ಬೇರೆಯಾಗುವ ದಾರಿಗಳು ಅನೇಕ. ಪಹಣಿಯಲ್ಲಿ ತಂದೆಯ ಹೆಸರು “ಬಿನ್” ಎಂಬುದರ ಮುಂದೆ ಇರುತ್ತದೆ. ಬ್ಯಾಂಕಿನಲ್ಲಿ ಅದೇ ಇನಿಷಿಯಲ್ ಆಗಿ ಹೆಸರಿನ ಮುಂದಕ್ಕೋ ಹಿಂದಕ್ಕೋ ಬಂದಿರುತ್ತದೆ. ಉತ್ತರದ ಜಿಲ್ಲೆಗಳಲ್ಲಿ ಮನೆತನದ ಹೆಸರು ಒಂದು ಕಡೆ ಇದ್ದು ಮತ್ತೊಂದು ಕಡೆ ಬಿಟ್ಟುಹೋಗಿರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಒಂದು ಹೆಸರು. ಪಹಣಿಯಲ್ಲಿ ಮೊದಲನೆಯದು, ಆಧಾರಿನಲ್ಲಿ ಎರಡನೆಯದು. ಈ ಕಾರಣದಿಂದ ತವರಿನ ಪಾಲು ಕೈಗೆ ಬಂದಿದ್ದರೂ ಅದರ ಮೇಲೆ ಸಾಲ ಹುಟ್ಟದೆ ತೊಳಲುವ ಹೆಂಗಸರು ಕಡಮೆಯಲ್ಲ. ಕನ್ನಡದ ಹೆಸರನ್ನು ಇಂಗ್ಲಿಷು ಅಕ್ಷರಗಳಲ್ಲಿ ಬರೆಯುವಾಗ ಹತ್ತು ಮಂದಿ ಹತ್ತು ರೀತಿಯಾಗಿ ಬರೆಯುತ್ತಾರೆ. ಇದರಲ್ಲಿ ರೈತನ ತಪ್ಪು ಏನೂ ಇಲ್ಲದಿದ್ದರೂ ಅಲೆದಾಟವೆಲ್ಲವೂ ಅವನದೇ ಆಗುತ್ತದೆ.

ತಿದ್ದಿಸುವುದಕ್ಕೆ ಮುಂಚೆ ಯಾವುದನ್ನು ತಿದ್ದಬೇಕೆಂಬುದನ್ನು ಯೋಚಿಸತಕ್ಕದ್ದು. ಆಧಾರಿನಲ್ಲಿ ಹೆಸರನ್ನು ಸಾಮಾನ್ಯವಾಗಿ ಎರಡು ಸಲ ಮಾತ್ರ ಬದಲಾಯಿಸುವುದಕ್ಕೆ ಅವಕಾಶವಿದೆ. ಆದಕಾರಣ ಯಾರದೋ ಮಾತು ಕೇಳಿ ಅವಸರದಲ್ಲಿ ಅದನ್ನು ತಿದ್ದಿಸಿ, ಅನಂತರ ಬ್ಯಾಂಕಿಗೆ ಹೊಂದುವುದಿಲ್ಲವೆಂದು ಮತ್ತೆ ತಿದ್ದಿಸಿದರೆ, ಮೂರನೆಯ ಸಲಕ್ಕೆ ದಾರಿಯು ಬಹಳ ಕಠಿನವಾಗುತ್ತದೆ. ಪಹಣಿಯ ೯ನೆಯ ಕಲಮಿನಲ್ಲಿರುವ ಸ್ವಾಧೀನದಾರನ ಹೆಸರು, ಆಧಾರಿನ ಹೆಸರು, ಪಾಸುಪುಸ್ತಕದ ಹೆಸರು, ಈ ಮೂರನ್ನೂ ಒಂದು ಹಾಳೆಯಲ್ಲಿ ಒಂದರ ಕೆಳಗೆ ಒಂದಾಗಿ ಬರೆದು, ಕ್ರಯಪತ್ರವನ್ನೂ ಶಾಲೆಯ ದಾಖಲೆಯನ್ನೂ ನೋಡಿ, ಯಾವುದು ಹೆಚ್ಚು ಕಡೆಗಳಲ್ಲಿ ಸರಿಯಾಗಿದೆಯೋ ಅದನ್ನೇ ಗಟ್ಟಿಮಾಡಿಕೊಳ್ಳುವುದು ಒಳ್ಳೆಯದು.

ಇವೆಲ್ಲಕ್ಕಿಂತ ದೊಡ್ಡ ತೊಡಕು ಮರಣಹೊಂದಿದವರ ಹೆಸರಿನಲ್ಲಿ ನಿಂತ ಖಾತೆ. ತಾತನು ತೀರಿಕೊಂಡು ಮೂವತ್ತು ವರ್ಷವಾಗಿದ್ದರೂ ಪಹಣಿಯಲ್ಲಿ ಅವನೇ ಒಡೆಯ. ಊರಿನವರು ಶ್ರಾದ್ಧದ ಊಟ ಮಾಡಿ ಬಂದಿದ್ದಾರೆ. ಯಂತ್ರಕ್ಕೆ ಆ ಸುದ್ದಿಯನ್ನು ಯಾರೂ ಮುಟ್ಟಿಸಿಲ್ಲ. ಬದುಕಿರುವ ಮೊಮ್ಮಕ್ಕಳು ಯಂತ್ರದ ಲೆಕ್ಕದಲ್ಲಿ ಜಮೀನೇ ಇಲ್ಲದವರಾಗಿರುತ್ತಾರೆ. ಮರಣಪತ್ರವನ್ನೂ ವಂಶವೃಕ್ಷವನ್ನೂ ಕೊಟ್ಟು ಪೌತಿ ಖಾತೆ ಮಾಡಿಸಿಕೊಳ್ಳದ ಹೊರತು ಬೇರೆ ಉಪಾಯವಿಲ್ಲ. ಅಣ್ಣತಮ್ಮಂದಿರಲ್ಲಿ ಮನಸ್ತಾಪವಿರುವುದೇ ಬಹುಮಟ್ಟಿಗೆ ಇದಕ್ಕೆ ಅಡ್ಡಿಯಾದ್ದರಿಂದ, ಇಲ್ಲಿ ಗ್ರಾಮದ ಹಿರಿಯರು ನಾಲ್ಕು ಒಳ್ಳೆಯ ಮಾತು ಹೇಳಿ ಮಾಡಿಸಿಕೊಡುವ ಉಪಕಾರವು ಯಾವ ಅಧಿಕಾರಿಯಿಂದಲೂ ಆಗತಕ್ಕದ್ದಲ್ಲ.

ಅಂಕಿಗಳ ವಿಷಯ

ಹೆಸರಿಗಿಂತ ಅಂಕಿಯು ನಂಬಿಕೆಗೆ ತಕ್ಕದ್ದು; ಆದರೆ ಎಲ್ಲ ಅಂಕಿಗಳೂ ಒಂದೇ ಸಮನಲ್ಲ. ಆಧಾರಿನ ಹನ್ನೆರಡು ಅಂಕಿಗಳಲ್ಲಿ ಕೊನೆಯದು ಕಾವಲಿನ ಅಂಕಿ. ಮೊದಲಿನ ಹನ್ನೊಂದು ಅಂಕಿಗಳಿಂದ ಒಂದು ಗೊತ್ತಾದ ಲೆಕ್ಕದಂತೆ ಅದು ಹುಟ್ಟಿರುತ್ತದೆ. ಬರೆಯುವಾಗ ಒಂದು ಅಂಕಿ ತಪ್ಪಿದರೆ ಲೆಕ್ಕವು ಕೂಡದೆ, ಇಂತಹ ಸಂಖ್ಯೆಯೇ ಇಲ್ಲವೆಂದು ಯಂತ್ರವು ಒಡನೆಯೇ ಹೇಳಿಬಿಡುತ್ತದೆ. ಮೊಬೈಲಿನ ಹತ್ತು ಅಂಕಿಗಳಿಗೆ ಇಂತಹ ಕಾವಲಿಲ್ಲ. ಅಲ್ಲಿ ಒಂದು ಅಂಕಿ ತಪ್ಪಿದರೆ ಅದು ಮತ್ತಾರದೋ ನಿಜವಾದ ಸಂಖ್ಯೆಯಾಗಿರಬಹುದು. ಸರ್ಕಾರದ ಸಂದೇಶವೆಲ್ಲವೂ ಆತನಿಗೆ ಹೋಗುತ್ತಿರುತ್ತದೆ. ಬ್ಯಾಂಕಿನ ಶಾಖೆಯನ್ನು ತಿಳಿಸುವ ಐ.ಎಫ್.ಎಸ್.ಸಿ. ಎಂಬ ಹನ್ನೊಂದು ಗುರುತುಗಳಲ್ಲಿ ಮೊದಲಿನ ನಾಲ್ಕು ಬ್ಯಾಂಕಿನ ಹೆಸರಿನ ಇಂಗ್ಲಿಷು ಅಕ್ಷರಗಳು. ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ “ಓ” ಎಂದು ತಿಳಿದು ಬರೆದು ಹಣವು ಬಾರದೆ ಉಳಿಯುವುದುಂಟು.

“ಸರ್ವರ್ ಇಲ್ಲ” ಎಂಬ ಮಾತು

ನಾಡಕಚೇರಿಯಲ್ಲಿ ಮೇಲಿಂದ ಮೇಲೆ ಕೇಳಿಬರುವ ಈ ಮಾತಿನ ಅರ್ಥವನ್ನೂ ಇಲ್ಲಿ ತಿಳಿಸುವುದು ಯುಕ್ತ. ಕಚೇರಿಯ ಮೇಜಿನ ಮೇಲಿರುವ ಯಂತ್ರದೊಳಗೆ ಪಹಣಿಗಳಿಲ್ಲ. ಅವು ಇರುವುದು ದೂರದ ಒಂದು ದೊಡ್ಡ ಯಂತ್ರದಲ್ಲಿ. ಅದಕ್ಕೇ ಸರ್ವರ್ ಎಂದು ಹೆಸರು. ಮೇಜಿನ ಯಂತ್ರವು ಕೆರೆಯ ತೂಬಿನಂತೆ. ನೀರು ಇರುವುದು ಕೆರೆಯಲ್ಲಿ, ನಡುವಿನ ಕಾಲುವೆಯೇ ಇಂಟರ್‌ನೆಟ್. ಕಾಲುವೆ ಒಡೆದಿದ್ದರೂ, ಕೆರೆಯ ಬಳಿ ದುರಸ್ತಿ ನಡೆಯುತ್ತಿದ್ದರೂ, ಒಂದೇ ವೇಳೆಗೆ ನೂರಾರು ತೂಬುಗಳು ಎಳೆಯುತ್ತಿದ್ದರೂ ಇಲ್ಲಿ ನೀರು ಬರುವುದಿಲ್ಲ. ದಾಖಲೆ ಕಳೆದುಹೋಯಿತೆಂದು ಇದರ ಅರ್ಥವಲ್ಲ. ಯೋಜನೆಗಳಿಗೆ ಕಡೆಯ ದಿನ ಗೊತ್ತುಮಾಡಿದಾಗ ಎಲ್ಲರೂ ಆ ಕಡೆಯ ಎರಡು ದಿನಗಳಲ್ಲಿಯೇ ನುಗ್ಗುವುದರಿಂದ ಈ ತೊಂದರೆಯು ಹೆಚ್ಚುತ್ತದೆ. ಒಂದು ವಾರ ಮುಂಚಿತವಾಗಿ ಹೋದವನ ಕೆಲಸವು ಸಾಧಾರಣವಾಗಿ ಒಂದೇ ಸಲಕ್ಕೆ ಮುಗಿಯುತ್ತದೆ.

ಗುಟ್ಟಿನ ಗುರುತು

ಇನ್ನು ಎರಡನೆಯ ಅನರ್ಥಕ್ಕೆ ಬರೋಣ. ಯಂತ್ರಕ್ಕೆ ಮುಖಪರಿಚಯವಿಲ್ಲದ್ದರಿಂದ, ಬಂದವನು ಹಕ್ಕುದಾರನೇ ಎಂದು ತಿಳಿಯಲು ಅದು ಗುಟ್ಟಿನ ಗುರುತನ್ನು ಕೇಳುತ್ತದೆ. ಓಟಿಪಿ ಎಂಬುದು ಅಂತಹ ಒಂದು ಗುರುತು. ಸರ್ವರ್ ಆ ಕ್ಷಣದಲ್ಲಿ ಒಂದು ಸಂಖ್ಯೆಯನ್ನು ಕಲ್ಪಿಸಿ, ತನ್ನಲ್ಲಿ ಬರೆದಿರುವ ಮೊಬೈಲಿಗೆ ಕಳುಹಿಸಿ, ಕೆಲವು ನಿಮಿಷ ಕಾಯುತ್ತದೆ. ಯಾರು ಆ ಸಂಖ್ಯೆಯನ್ನು ಹಿಂದಕ್ಕೆ ಹೇಳುತ್ತಾರೋ ಅವರೇ ಒಡೆಯರೆಂದು ಒಪ್ಪುತ್ತದೆ. ಆರು ಅಂಕಿಗಳಿಂದ ಹತ್ತು ಲಕ್ಷ ಸಂಖ್ಯೆಗಳಾಗುವುದರಿಂದ ಕೆಲವೇ ಪ್ರಯತ್ನಗಳಲ್ಲಿ ಊಹೆಯಿಂದ ಹೇಳುವುದು ಕಳ್ಳನಿಂದ ಸಾಧ್ಯವಲ್ಲ. ಆದಕಾರಣ ಅವನು ಊಹಿಸಲು ಹೋಗುವುದಿಲ್ಲ, ನೇರವಾಗಿ ಕೇಳುತ್ತಾನೆ. ಪ್ರಧಾನಮಂತ್ರಿ ಕಿಸಾನ್ ಕಂತು ನಿಂತಿದೆ, ಸರಿಪಡಿಸುತ್ತೇವೆ, ಈಗ ಬಂದ ಸಂಖ್ಯೆಯನ್ನು ಹೇಳಿ ಎಂದು ವಿನಯದಿಂದಲೇ ಕೇಳುತ್ತಾನೆ. ೨೦೧೯ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ವರ್ಷಕ್ಕೆ ಬರುವುದು ಮೂರು ಕಂತುಗಳಲ್ಲಿ ೬೦೦೦ ರೂಪಾಯಿ. ಅದರ ಆಸೆಗೆ ಕೊಟ್ಟ ಆರು ಅಂಕಿಗಳಿಂದ ಖಾತೆಯಲ್ಲಿದ್ದುದೆಲ್ಲವೂ ಹೋಗಬಹುದು. ಯಾವ ಇಲಾಖೆಯವರೂ ಯಾವ ಬ್ಯಾಂಕಿನವರೂ ಫೋನು ಮಾಡಿ ಈ ಸಂಖ್ಯೆಯನ್ನು ಕೇಳುವುದಿಲ್ಲ.

ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸತಕ್ಕದ್ದು. ಆಧಾರ್ ಮಾಡಿಸುವ ಕಾಲದಲ್ಲಿ ಮನೆಯಲ್ಲಿ ಮೊಬೈಲು ಇಲ್ಲದೆ ಅಂಗಡಿಯವನದೋ ಪಕ್ಕದ ಮನೆಯವನದೋ ಸಂಖ್ಯೆಯನ್ನು ಬರೆಸಿದವರು ಬಹಳ ಮಂದಿ. ಓಟಿಪಿಯೆಂಬ ಗುಟ್ಟು ಆ ಮೊಬೈಲಿಗೆ ಹೋಗುವುದರಿಂದ, ಯಂತ್ರದ ದೃಷ್ಟಿಯಲ್ಲಿ ಅಂಗಡಿಯವನೇ ಆ ರೈತ. ಬಹುಕಾಲ ಬಳಸದೆ ಬಿಟ್ಟ ಸಂಖ್ಯೆಯನ್ನು ಕಂಪೆನಿಯವರು ಮತ್ತೊಬ್ಬರಿಗೆ ಕೊಡುವುದೂ ಉಂಟು. ಆಗ ಗುಟ್ಟು ಯಾವ ಊರಿನವನಿಗೆ ಹೋಗುತ್ತದೆಯೋ ಹೇಳಲಾಗದು. ತನ್ನ ಕೈಯಲ್ಲಿರುವ ಸಂಖ್ಯೆಯನ್ನೇ ಆಧಾರಿಗೂ ಬ್ಯಾಂಕಿಗೂ ಬರೆಸುವುದು ಹೊಲಕ್ಕೆ ಬೇಲಿ ಹಾಕುವಷ್ಟೇ ಅಗತ್ಯ.

೨೦೧೬ರಲ್ಲಿ ಆರಂಭವಾದ ಯುಪಿಐ ಕ್ರಮದಿಂದ ಈಗ ಸಂತೆಯಲ್ಲಿ ಸೊಪ್ಪು ಮಾರುವವಳೂ ಮೊಬೈಲಿನಲ್ಲಿ ಹಣ ತೆಗೆದುಕೊಳ್ಳುತ್ತಾಳೆ. ಅವಳ ಮುಂದಿರುವ ಕಪ್ಪು ಬಿಳುಪು ಚೌಕಗಳ ಚೀಟಿಯನ್ನು ೧೯೯೪ರಲ್ಲಿ ಜಪಾನಿನಲ್ಲಿ ಮೋಟಾರಿನ ಬಿಡಿಭಾಗಗಳ ಲೆಕ್ಕಕ್ಕಾಗಿ ಕಂಡುಹಿಡಿದರು. ಕಪ್ಪು ಚೌಕವು ೧, ಬಿಳಿಯದು ೦. ಅದೂ ಚಕ್ರ ಶಂಖಗಳ ಲೆಕ್ಕವೇ. ಆ ಚೀಟಿಯಲ್ಲಿ ಇರುವುದು ಹಣ ಪಡೆಯುವವನ ವಿಳಾಸ ಮಾತ್ರ. ಆದುದರಿಂದ ಚೀಟಿಯನ್ನು ಮೊಬೈಲಿಗೆ ತೋರಿಸುವವನು ಯಾವಾಗಲೂ ಹಣ ಕೊಡುವವನು. ದನ ಕೊಳ್ಳುತ್ತೇನೆಂದು ಹೇಳಿ, ಮುಂಗಡ ಕಳುಹಿಸಿದ್ದೇನೆ, ಈ ಚೀಟಿಯನ್ನು ತೋರಿಸಿ ಪಿನ್ನು ಒತ್ತಿದರೆ ಹಣ ಬರುತ್ತದೆ ಎಂದು ಯಾವನಾದರೂ ಹೇಳಿದರೆ ಅವನು ವಂಚಕ. ಪಿನ್ನು ಬೇಕಾಗುವುದು ಹಣ ಹೋಗುವುದಕ್ಕೂ ಬಾಕಿಯನ್ನು ನೋಡುವುದಕ್ಕೂ ಹೊರತು ಹಣ ಬರುವುದಕ್ಕಲ್ಲ.

ಈಚೆಗೆ ವಾಟ್ಸಾಪಿನಲ್ಲಿ ಯೋಜನೆಗಳ ಹೆಸರು ಹೊತ್ತು, ಕೊನೆಯಲ್ಲಿ “ಎಪಿಕೆ” ಎಂಬ ಮೂರು ಅಕ್ಷರಗಳಿರುವ ಕಡತಗಳು ಬರುತ್ತಿವೆ. ಅದು ಕಾಗದವಲ್ಲ, ಚಿತ್ರವಲ್ಲ. ಮೊಬೈಲಿನೊಳಗೆ ಹೊಸದಾಗಿ ಕೆಲಸಕ್ಕೆ ನಿಲ್ಲುವ ಆಳು. ಒಮ್ಮೆ ಒಳಕ್ಕೆ ಬಿಟ್ಟು, ಸಂದೇಶಗಳನ್ನು ಓದಲು ಅಪ್ಪಣೆ ಕೊಟ್ಟರೆ, ಓಟಿಪಿ ಬಂದ ಕೂಡಲೇ ಅದು ತಾನೇ ಓದಿ ಯಜಮಾನನಾದ ಕಳ್ಳನಿಗೆ ತಿಳಿಸುತ್ತದೆ. ಆಗ ರೈತನು ಬಾಯಿ ಬಿಡದಿದ್ದರೂ ಗುಟ್ಟು ಉಳಿಯದು. ಗುರುತಿನವರೇ ಕಳುಹಿಸಿದ್ದರೂ ಇಂತಹ ಕಡತವನ್ನು ತೆರೆಯತಕ್ಕದ್ದಲ್ಲ. ಅವರ ಮೊಬೈಲು ಆಗಲೇ ಕಳ್ಳನ ವಶವಾಗಿದ್ದಿರಬಹುದು.

ಬೆರಳ ಗುರುತು

ಬೆರಳನ್ನು ಊರಿ ಹಣ ತೆಗೆಯುವ ಕ್ರಮದಲ್ಲಿ ಯಂತ್ರವು ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಬಿಂದುಗಳನ್ನು ಎತ್ತಿಕೊಂಡು, ಅವುಗಳ ಸ್ಥಾನವನ್ನು ಅಂಕೆಗಳಾಗಿ ಮಾಡಿ, ಹಿಂದೆ ಇಟ್ಟಿರುವುದರೊಡನೆ ಹೋಲಿಸುತ್ತದೆ. ಕಳೆ ಕೀಳುವವರ, ಕಬ್ಬು ಕಡಿಯುವವರ, ಸುಣ್ಣ ಗೊಬ್ಬರ ಮುಟ್ಟುವವರ ಬೆರಳುಗಳು ಸವೆದು ಬಿಂದುಗಳು ಸಿಕ್ಕದೆ ಹೋಗುವುದು ಸಹಜ. ಅಂತಹವರು ಬೆರಳನ್ನು ತೊಳೆದು ಒರಸಿ ಬೇರೆ ಬೆರಳಿನಿಂದ ಪ್ರಯತ್ನಿಸಬಹುದು. ಕಣ್ಣಿನ ಪಾಪೆಯಿಂದ ಗುರುತಿಸುವ ಕ್ರಮವೂ ಇದೆ. ಕಿಸಾನ್ ಯೋಜನೆಯ ಆ್ಯಪಿನಲ್ಲಿ ೨೦೨೩ರಿಂದ ಮುಖವನ್ನು ತೋರಿಸಿ ಕೆವೈಸಿ ಮಾಡುವ ಅನುಕೂಲವನ್ನು ಕಲ್ಪಿಸಿದೆ.

ಓಟಿಪಿಯನ್ನು ಮುಚ್ಚಿಡಬಹುದು, ಪಿನ್ನನ್ನು ಬದಲಾಯಿಸಬಹುದು. ಬೆರಳ ಗುರುತಾದರೋ ಮುಟ್ಟಿದಲ್ಲೆಲ್ಲ ಉಳಿಯುತ್ತದೆ, ಬದಲಾಯಿಸಲೂ ಆಗುವುದಿಲ್ಲ. ನೋಂದಾಯಿಸಿದ ಪತ್ರಗಳಲ್ಲಿರುವ ಹೆಬ್ಬೆಟ್ಟಿನ ಗುರುತನ್ನು ಎತ್ತಿಕೊಂಡು, ರಬ್ಬರಿನಂತಹ ವಸ್ತುವಿನಲ್ಲಿ ಅಚ್ಚು ಮಾಡಿ, ಆಧಾರ್ ಸಂಖ್ಯೆಯ ಸಹಾಯದಿಂದ ಹಣ ತೆಗೆದ ಪ್ರಕರಣಗಳು ೨೦೨೩ರಲ್ಲಿ ಕರ್ನಾಟಕದಲ್ಲಿಯೂ ಬೆಳಕಿಗೆ ಬಂದವು. ಈ ಕ್ರಮದಲ್ಲಿ ಓಟಿಪಿಯನ್ನೂ ಪಿನ್ನನ್ನೂ ಕೇಳುವುದಿಲ್ಲವಾದ್ದರಿಂದ ರೈತನಿಗೆ ಸುಳಿವೇ ಹತ್ತುವುದಿಲ್ಲ. ಇದಕ್ಕೆ ಆಧಾರ್ ಪ್ರಾಧಿಕಾರವು ಬೀಗವೊಂದನ್ನು ಒದಗಿಸಿದೆ. ಅದರ ಆ್ಯಪಿನಲ್ಲಿಯೋ ಜಾಲತಾಣದಲ್ಲಿಯೋ ತನ್ನ ಬೆರಳ ಗುರುತಿಗೆ ಬೀಗ ಹಾಕಿದರೆ ಯಾರು ಬೆರಳೂರಿದರೂ ಯಂತ್ರವು ಒಪ್ಪುವುದಿಲ್ಲ. ಒಡೆಯನ ಬೆರಳನ್ನೂ ಒಪ್ಪುವುದಿಲ್ಲವೆಂಬುದನ್ನು ನೆನಪಿಡಬೇಕು; ಪಡಿತರದ ಅಂಗಡಿಗೆ ಹೋಗುವ ದಿನ ಬೀಗ ತೆಗೆದು, ಬಂದ ಮೇಲೆ ಮತ್ತೆ ಹಾಕತಕ್ಕದ್ದು. ಇದಕ್ಕೂ ಆಧಾರಿನಲ್ಲಿ ತನ್ನದೇ ಮೊಬೈಲು ಸಂಖ್ಯೆ ಇರುವುದು ಅಗತ್ಯ.

ಇಷ್ಟರ ಮೇಲೆಯೂ ಹಣ ಹೋದರೆ, ನಾಚಿಕೆಯಿಂದ ಮನೆಯವರಿಗೂ ಹೇಳದೆ ಎರಡು ಮೂರು ದಿನ ಕಳೆಯುವುದೇ ಹೆಚ್ಚಿನ ನಷ್ಟಕ್ಕೆ ಕಾರಣ. ಹೋದ ಹಣವು ಖಾತೆಯಿಂದ ಖಾತೆಗೆ ಹಾರುತ್ತ ಹೋಗುತ್ತದೆ. ಅದು ಯಾವುದಾದರೊಂದು ಖಾತೆಯಲ್ಲಿ ನಿಂತಿರುವಷ್ಟರಲ್ಲಿಯೇ ತಡೆಯಬೇಕು. ಇದಕ್ಕಾಗಿ ದೇಶಕ್ಕೆಲ್ಲ ಒಂದೇ ಆದ ೧೯೩೦ ಎಂಬ ಸಂಖ್ಯೆಗೆ ಒಡನೆಯೇ ಫೋನು ಮಾಡಿ ದೂರು ಕೊಡತಕ್ಕದ್ದು. ಜೊತೆಯಲ್ಲಿಯೇ ಬ್ಯಾಂಕಿಗೂ ತಿಳಿಸತಕ್ಕದ್ದು. ಆ ವೇಳೆಯಲ್ಲಿ ಬ್ಯಾಂಕಿನ ಖಾತೆಯ ಸಂಖ್ಯೆ, ಹೋದ ಮೊತ್ತ, ಹೋದ ದಿನ ಮತ್ತು ಗಂಟೆ, ಬ್ಯಾಂಕಿನಿಂದ ಬಂದ ಸಂದೇಶದಲ್ಲಿರುವ ವ್ಯವಹಾರದ ಸಂಖ್ಯೆ, ಕರೆ ಬಂದ ಮೊಬೈಲಿನ ಸಂಖ್ಯೆ, ಇಷ್ಟು ಕೈಯಲ್ಲಿರಬೇಕು. ಸಂದೇಶವನ್ನು ಅಳಿಸಬಾರದು. ಅಕ್ಷರ ಬಾರದವರ ಪರವಾಗಿ ಓದುಬರೆಹ ಬಲ್ಲ ಯಾರೇ ಆಗಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕರೆಯನ್ನು ಮಾಡಬಹುದು.